ಗುಪ್ತಪದವೂ ಮನುಷ್ಯನ ಮರೆವೂ

ಕಾವಲುಗಾರನು ಬಂದವನನ್ನು ತಡೆದು ಗುರುತು ಕೇಳುವುದೂ, ಬಂದವನು ಮೊದಲೇ ಗೊತ್ತುಮಾಡಿಕೊಂಡ ಮಾತೊಂದನ್ನು ಹೇಳಿ ಒಳಹೊಗುವುದೂ ಬಹು ಪುರಾತನವಾದ ಪದ್ಧತಿ. ರೋಮನರ ಪಾಳೆಯಗಳಲ್ಲಿ ಪ್ರತಿದಿನ ಸಂಜೆ ಆ ರಾತ್ರಿಯ ಸಂಕೇತವಾಕ್ಯವನ್ನು ಮರದ ಹಲಗೆಯ ಮೇಲೆ ಬರೆದು ತುಕಡಿಯಿಂದ ತುಕಡಿಗೆ ಸಾಗಿಸುತ್ತಿದ್ದರೆಂದು ಕ್ರಿಸ್ತಪೂರ್ವ ಎರಡನೆಯ ಶತಮಾನದ ಇತಿಹಾಸಕಾರ ಪಾಲಿಬಿಯಸನು ಬರೆದಿದ್ದಾನೆ. ಆ ಸೈನಿಕನು ನೆನಪಿಡಬೇಕಾಗಿದ್ದುದು ಒಂದೇ ಮಾತು. ಅದೂ ಬೆಳಗಾಗುವವರೆಗೆ ಮಾತ್ರ. ಇಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕೆಲಸಮಾಡುವ ಗುಮಾಸ್ತರ ಹೊರೆ ಇದಕ್ಕಿಂತ ಎಷ್ಟೋ ದೊಡ್ಡದು.

ಆ ಹೊರೆಯ ಸ್ವರೂಪವನ್ನು ಬಲ್ಲದವರು ವಿರಳ. ಹಾಜರಿಗೆ ಒಂದು, ಕಡತಗಳಿಗೆ ಒಂದು, ಲೆಕ್ಕಪತ್ರಕ್ಕೆ ಒಂದು, ಇ-ಮೇಲ್ ಅಂಚೆಗೆ ಮತ್ತೊಂದು ಎಂಬಂತೆ ನಾಲ್ಕಾರು ಪಾಸ್‌ವರ್ಡ್‌ಗಳು, ಅಂದರೆ ಗುಪ್ತಪದಗಳು, ಒಬ್ಬೊಬ್ಬರ ಪಾಲಿಗೂ ಇರುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿಯ ಮುಂದೆ ಜನ ಸಾಲುಗಟ್ಟಿ ನಿಂತಿರುವಾಗ ಪರದೆಯ ಮೇಲೆ ‘ನಿಮ್ಮ ಗುಪ್ತಪದದ ಅವಧಿ ಮುಗಿದಿದೆ’ ಎಂಬ ಒಕ್ಕಣೆ ಮೂಡುತ್ತದೆ. ಹೊಸದರಲ್ಲಿ ಎಂಟಕ್ಕೆ ಕಡಮೆಯಿಲ್ಲದಷ್ಟು ಅಕ್ಷರಗಳಿರಬೇಕು. ಒಂದು ದೊಡ್ಡ ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ ಸೇರಿರಬೇಕು. ಹಿಂದಿನ ಐದರಲ್ಲಿ ಯಾವುದೂ ಮರಳಿ ಬರಕೂಡದು. ಹೇಗೋ ಒಂದನ್ನು ಹೊಸೆದು ಕೆಲಸ ಸಾಗಿಸಿದರೆ, ಮಾರನೆಯ ದಿನ ಬೆರಳುಗಳು ಅಭ್ಯಾಸಬಲದಿಂದ ಹಳೆಯದನ್ನೇ ಒತ್ತುತ್ತವೆ. ಮೂರು ಸಲ ತಪ್ಪಿದರೆ ಬಾಗಿಲು ಮುಚ್ಚುತ್ತದೆ. ಅದನ್ನು ತೆರೆಸಲು ಬೇರೊಬ್ಬರಿಗೆ ಫೋನು ಮಾಡಿ ಕಾಯಬೇಕು. ಕಿಟಕಿಯ ಹೊರಗಿನ ಜನವೂ ಕಾಯಬೇಕು.

ಇಂಥ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಜನರಿಗೆ ಶಿಸ್ತಿಲ್ಲ, ಎಚ್ಚರವಿಲ್ಲ’ ಎಂಬುದು. ಈ ತೀರ್ಪು ಅನ್ಯಾಯವಾದುದೆಂಬುದು ನಮ್ಮ ಅಭಿಪ್ರಾಯ. ಮರೆವು ಮನುಷ್ಯನ ಮಿದುಳಿನ ಸಹಜ ಧರ್ಮ. ಆ ಧರ್ಮವನ್ನು ಅರಿಯದೆ ಮಾಡಿದ ನಿಯಮಗಳು ಜನರನ್ನು ಪೀಡಿಸುವುದಷ್ಟೇ ಅಲ್ಲ, ಯಾವ ಭದ್ರತೆಗಾಗಿ ಹುಟ್ಟಿದುವೋ ಆ ಭದ್ರತೆಯನ್ನೇ ಕೆಡಿಸುತ್ತವೆ. ಇದು ಬರಿಯ ಗೊಣಗಾಟವಲ್ಲ. ಅಳತೆಯಿಂದಲೂ ಪ್ರಯೋಗದಿಂದಲೂ ಸಿದ್ಧವಾಗಿರುವ ಸಂಗತಿ. ತರುಣ ವಾಚಕರು ಇದನ್ನು ತಾವೇ ಲೆಕ್ಕಮಾಡಿ ನೋಡಬಹುದು.

ಪದ್ಧತಿಯ ಹುಟ್ಟು

ಕಂಪ್ಯೂಟರಿಗೆ ಗುಪ್ತಪದವು ಬಂದುದು 1960ರ ದಶಕದ ಆರಂಭದಲ್ಲಿ. ಅದಕ್ಕೆ ಮೊದಲು ಒಂದು ಕಂಪ್ಯೂಟರು ಒಮ್ಮೆಗೆ ಒಬ್ಬರ ಕೆಲಸವನ್ನು ಮಾತ್ರ ಮಾಡುತ್ತಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಅವರೂ ಅವರ ಸಂಗಡಿಗರೂ ಯಂತ್ರದ ಕಾಲವನ್ನು ಸಣ್ಣ ಸಣ್ಣ ತುಣುಕುಗಳಾಗಿ ಹಂಚಿ, ಹಲವರು ಏಕಕಾಲದಲ್ಲಿ ಕೆಲಸಮಾಡುವ ವ್ಯವಸ್ಥೆಯೊಂದನ್ನು ರಚಿಸಿ, 1961ರಲ್ಲಿ ಅದನ್ನು ಪ್ರದರ್ಶಿಸಿದರು. ಒಂದೇ ಯಂತ್ರವನ್ನು ಹಲವರು ಬಳಸತೊಡಗಿದ ಮೇಲೆ ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಂತೆ ಬೇರ್ಪಡಿಸುವುದು ಅವಶ್ಯವಾಯಿತು. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಗುಪ್ತಪದ ಕೊಡುವುದೇ ಅತ್ಯಂತ ಸುಲಭವಾದ ಉಪಾಯವಾಗಿ ತೋರಿತು.

ಈ ಉಪಾಯದ ದೌರ್ಬಲ್ಯ ಪ್ರಕಟವಾಗಲು ಬಹಳ ಕಾಲ ಹಿಡಿಯಲಿಲ್ಲ. ಅಲ್ಲಿಯ ಸಂಶೋಧಕರಲ್ಲೊಬ್ಬರಾದ ಆಲನ್ ಶೆರ್ ಅವರಿಗೆ ತಮ್ಮ ಪಾಲಿಗೆ ಬಂದ ಯಂತ್ರದ ಕಾಲ ಸಾಲದಾಯಿತು. 1962ರಲ್ಲಿ ಅವರು ಗುಪ್ತಪದಗಳ ಕಡತವನ್ನೇ ಅಚ್ಚುಮಾಡಿಕೊಡುವಂತೆ ಯಂತ್ರಕ್ಕೆ ಆದೇಶ ಕೊಟ್ಟು, ಇತರರ ಹೆಸರಿನಲ್ಲಿ ಕೆಲಸ ಸಾಗಿಸಿಕೊಂಡರು. ಈ ಸಂಗತಿಯನ್ನು ಹಲವು ದಶಕಗಳ ಮೇಲೆ ಅವರೇ ತಿಳಿಸಿದ್ದಾರೆ. ಅದೇ ದಶಕದ ನಡುಭಾಗದಲ್ಲಿ, ಎರಡು ಕಡತಗಳು ಯಂತ್ರದೊಳಗೆ ಅದಲುಬದಲಾಗಿ, ದಿನದ ಪ್ರಕಟಣೆ ಕಾಣಿಸಬೇಕಾದೆಡೆಯಲ್ಲಿ ಎಲ್ಲರ ಗುಪ್ತಪದಗಳೂ ಎಲ್ಲರಿಗೂ ಕಾಣಿಸಿದುವು. ಈ ಎರಡು ಪ್ರಸಂಗಗಳಲ್ಲಿಯೂ ಯಾವ ಬಳಕೆದಾರನೂ ತನ್ನ ಗುಪ್ತಪದವನ್ನು ಮರೆತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ಚೀಟಿಯ ಮೇಲೆ ಬರೆದಿಟ್ಟಿರಲಿಲ್ಲ. ದೋಷವಿದ್ದುದು ಅವುಗಳನ್ನು ಕೂಡಿಟ್ಟ ವ್ಯವಸ್ಥೆಯಲ್ಲಿ. ಕಾರ್ಬಟೊ ಅವರು 1990ರಲ್ಲಿ ಟ್ಯೂರಿಂಗ್ ಪ್ರಶಸ್ತಿಗೆ ಪಾತ್ರರಾದರು. ಗುಪ್ತಪದಗಳು ಒಂದು ದುಃಸ್ವಪ್ನವಾಗಿಬಿಟ್ಟಿವೆ ಎಂಬ ಭಾವದ ಮಾತನ್ನು 2014ರಲ್ಲಿ ಅವರೇ ಪತ್ರಿಕೆಯೊಂದಕ್ಕೆ ಹೇಳಿದರು.

ಬೀಸಿದ ಹಿಟ್ಟು

ಈ ದೋಷಕ್ಕೆ ವಿಜ್ಞಾನಿಗಳು ಕಂಡುಹಿಡಿದ ಪರಿಹಾರ ಸೊಗಸಾದುದು. ರಾಗಿಯನ್ನು ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಗಣಿತದಲ್ಲಿಯೂ ಒಂದು ದಿಕ್ಕಿಗೆ ಮಾತ್ರ ಸುಲಭವಾಗಿ ಸಾಗುವ ಇಂಥ ಕ್ರಿಯೆಗಳುಂಟು. ಗುಪ್ತಪದವನ್ನು ಇದ್ದಂತೆಯೇ ಕೂಡಿಡುವುದರ ಬದಲು, ಅದನ್ನು ಇಂಥ ಬೀಸುಕಲ್ಲಿಗೆ ಹಾಕಿ ಬಂದ ಹಿಟ್ಟನ್ನು ಮಾತ್ರ ಕೂಡಿಟ್ಟರಾಯಿತು. ಬಳಕೆದಾರನು ಮಾರನೆಯ ದಿನ ಗುಪ್ತಪದವನ್ನು ಒತ್ತಿದಾಗ ಯಂತ್ರವು ಅದನ್ನು ಮತ್ತೆ ಬೀಸಿ, ಎರಡು ಹಿಟ್ಟುಗಳನ್ನು ಹೋಲಿಸಿ ನೋಡುತ್ತದೆ. ಕಡತವು ಕಳುವಾದರೂ ಕಳ್ಳನಿಗೆ ಸಿಕ್ಕುವುದು ಹಿಟ್ಟೇ ಹೊರತು ಕಾಳಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ರೋಜರ್ ನೀಡಮ್ ಅವರು 1960ರ ದಶಕದಲ್ಲಿಯೇ ಈ ಮಾರ್ಗವನ್ನು ತೋರಿಸಿದರು.

ಇಷ್ಟಾದರೂ ಕಳ್ಳನಿಗೆ ಒಂದು ದಾರಿ ಉಳಿಯಿತು. ತಾನೂ ಅದೇ ಬೀಸುಕಲ್ಲನ್ನು ಇಟ್ಟುಕೊಂಡು, ಜನ ಸಾಮಾನ್ಯವಾಗಿ ಆರಿಸುವ ಪದಗಳನ್ನು ಒಂದೊಂದಾಗಿ ಬೀಸಿ, ಯಾವುದರ ಹಿಟ್ಟು ಹೊಂದುತ್ತದೆ ಎಂದು ಅವನು ನೋಡಬಹುದು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಅವರು ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ತಾವು ಕೂಡಿಸಿದ 3,289 ಗುಪ್ತಪದಗಳಲ್ಲಿ 2,831, ಎಂದರೆ ನೂರಕ್ಕೆ 86ರಷ್ಟು, ಸುಲಭವಾಗಿ ಊಹಿಸಬಹುದಾದುವೆಂದು ತೋರಿಸಿದರು. ಅವುಗಳಲ್ಲಿ 15 ಬರಿಯ ಒಂದೇ ಅಕ್ಷರದವು! ಪ್ರತಿಯೊಂದು ಗುಪ್ತಪದಕ್ಕೂ ಬೇರೆ ಬೇರೆ ‘ಉಪ್ಪು’ ಬೆರೆಸಿ ಬೀಸಿದರೆ ಒಂದೇ ಪದಕ್ಕೂ ಹಿಟ್ಟು ಬೇರೆ ಬೇರೆಯಾಗುತ್ತದೆ, ಕಳ್ಳನು ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ದುಡಿಯಬೇಕಾಗುತ್ತದೆ ಎಂಬ ಉಪಾಯವನ್ನೂ ಅದೇ ಲೇಖನ ವಿವರಿಸಿತು. ಇಂಗ್ಲಿಷಿನಲ್ಲಿಯೂ ಅದಕ್ಕೆ ಉಪ್ಪೆಂಬ ಅರ್ಥದ ಹೆಸರೇ ಇದೆ.

ಇದು ತಿಳಿದು ಮೂವತ್ತು ವರ್ಷಗಳಾದ ಮೇಲೆ, 2009ರಲ್ಲಿ, ರಾಕ್‌ಯೂ ಎಂಬ ಅಮೆರಿಕದ ಕಂಪೆನಿಯಿಂದ ಸುಮಾರು 3 ಕೋಟಿ 20 ಲಕ್ಷ ಗುಪ್ತಪದಗಳು ಕಳುವಾದುವು. ಅವನ್ನು ಬೀಸದೆ, ಕಾಳಾಗಿಯೇ ಕೂಡಿಟ್ಟಿದ್ದರು. ಆ ರಾಶಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದ ಗುಪ್ತಪದ ‘123456’. ಲೋಕ ನಕ್ಕಿದ್ದು ‘123456’ ಎಂದು ಬರೆದ ಜನರನ್ನು. ನಗಬೇಕಾಗಿದ್ದುದು ಅದನ್ನು ಬಯಲಲ್ಲಿ ಬಿಟ್ಟವರನ್ನು.

ಲೆಕ್ಕ ಹೇಳುವುದೇನು?

ಜನರು ದುರ್ಬಲ ಪದಗಳನ್ನು ಆರಿಸುವರೆಂದು ತಿಳಿದೊಡನೆ ‘ದೊಡ್ಡ ಅಕ್ಷರ, ಅಂಕಿ, ಚಿಹ್ನೆಗಳನ್ನು ಕಡ್ಡಾಯ ಮಾಡಿರಿ’ ಎಂಬ ನಿಯಮ ಹುಟ್ಟಿತು. ಇದರ ತರ್ಕ ಮೇಲುನೋಟಕ್ಕೆ ಸರಿಯಾದುದೇ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಎಂಟು ಅಕ್ಷರಗಳ ಪದಗಳನ್ನು 26ರ ಎಂಟನೆಯ ಘಾತದಷ್ಟು, ಎಂದರೆ ಸುಮಾರು 20,882 ಕೋಟಿ ಬಗೆಯಲ್ಲಿ ರಚಿಸಬಹುದು. ದೊಡ್ಡ ಅಕ್ಷರ, ಅಂಕಿ, ಚಿಹ್ನೆಗಳೆಲ್ಲ ಸೇರಿ ಕೀಲಿಮಣೆಯಲ್ಲಿ 94 ಗುರುತುಗಳಿವೆ. 94ರ ಎಂಟನೆಯ ಘಾತವು ಸುಮಾರು 61 ಕೋಟಿ ಕೋಟಿ. ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರ ಕಳ್ಳನ ಕೈಯಲ್ಲಿದೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದನ್ನೆಲ್ಲ ಪರೀಕ್ಷಿಸಲು ಅದಕ್ಕೆ ಮೂರೂವರೆ ನಿಮಿಷ ಸಾಕು. ಎರಡನೆಯದಕ್ಕೆ 70 ದಿನಗಳು ಬೇಕು.

ಆದರೆ ಈ ಎಣಿಕೆ ಸತ್ಯವಾಗಬೇಕಾದರೆ ಎಂಟು ಗುರುತುಗಳನ್ನೂ ದಾಳ ಉರುಳಿಸಿದಂತೆ ಯಾದೃಚ್ಛಿಕವಾಗಿ ಆರಿಸಿರಬೇಕು. ಮನುಷ್ಯನು ಹಾಗೆ ಮಾಡುವುದಿಲ್ಲ. ದೊಡ್ಡ ಅಕ್ಷರ ಬೇಕೆಂದರೆ ಮೊದಲನೆಯದನ್ನು ದೊಡ್ಡದು ಮಾಡುತ್ತಾನೆ. ಅಂಕಿ, ಚಿಹ್ನೆಗಳು ಬೇಕೆಂದರೆ ಅವನ್ನು ಕೊನೆಗೆ ತಗುಲಿಸುತ್ತಾನೆ. ಮೊದಲು ಒಂದು ದೊಡ್ಡ ಅಕ್ಷರ, ಆಮೇಲೆ ಐದು ಸಣ್ಣ ಅಕ್ಷರ, ಒಂದು ಅಂಕಿ, ಕೊನೆಗೆ ಬಳಕೆಯ ಹತ್ತು ಚಿಹ್ನೆಗಳಲ್ಲಿ ಒಂದು ಎಂಬ ಮಾದರಿಯನ್ನು ತೆಗೆದುಕೊಳ್ಳಿರಿ. ಇದರ ಒಟ್ಟು ಬಗೆಗಳು 26ರ ಆರನೆಯ ಘಾತವನ್ನು 100ರಿಂದ ಗುಣಿಸಿದಷ್ಟು, ಎಂದರೆ ಕೇವಲ 3,089 ಕೋಟಿ. ಯಾವ ಅಲಂಕಾರವೂ ಇಲ್ಲದ ಎಂಟು ಸಣ್ಣ ಅಕ್ಷರಗಳಿಗಿಂತಲೂ ಇದು ಆರು ಮಡಿಗೂ ಮಿಕ್ಕಿ ಕಡಮೆ! ಮೇಲೆ ಹೇಳಿದ ಯಂತ್ರಕ್ಕೆ ಇದು 31 ಸೆಕೆಂಡಿನ ಕೆಲಸ. ಆ ಐದಾರು ಅಕ್ಷರಗಳು ಊರಿನ ಹೆಸರೋ ಮಗುವಿನ ಹೆಸರೋ ಆಗಿದ್ದರೆ ಕ್ಷಣಮಾತ್ರದ್ದು. ನಿಯಮವನ್ನು ಅಕ್ಷರಶಃ ಪಾಲಿಸಿದ್ದಾಯಿತು. ಭದ್ರತೆ ಮಾತ್ರ ಬರಲಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಬಗೆಯನ್ನು ನೋಡೋಣ. ದಾಳವನ್ನು ಐದು ಸಲ ಉರುಳಿಸಿದರೆ 7,776 ಫಲಗಳು ಸಾಧ್ಯ. ಒಂದೊಂದು ಫಲಕ್ಕೆ ಒಂದೊಂದು ಪರಿಚಿತ ಪದವನ್ನು ಹೊಂದಿಸಿದ ಪಟ್ಟಿಯನ್ನು ಅಮೆರಿಕದ ಆರ್ನಲ್ಡ್ ರೈನ್‌ಹೋಲ್ಡ್ ಅವರು 1995ರಲ್ಲಿ ರಚಿಸಿದರು. ದಾಳದ ಮೂಲಕ ಆರಿಸಿದ ಐದು ಪದಗಳ ಸಾಲು 7,776ರ ಐದನೆಯ ಘಾತದಷ್ಟು ಬಗೆಗಳಲ್ಲಿ ಒಂದು. ಇದು ಮೇಲಿನ 61 ಕೋಟಿ ಕೋಟಿಗಿಂತಲೂ ನಾಲ್ಕು ಸಾವಿರದ ಆರುನೂರು ಮಡಿಗೂ ಹೆಚ್ಚು. ಅದೇ ಯಂತ್ರವು ಎಲ್ಲವನ್ನೂ ಪರೀಕ್ಷಿಸಲು ಸುಮಾರು 900 ವರ್ಷ ತೆಗೆದುಕೊಳ್ಳುವುದು. ‘ಮೊಸರು ಏಣಿ ಹುಣಸೆ ದೀಪ ಕತ್ತರಿ’ ಎಂಬಂಥ ಅಸಂಬದ್ಧವಾದ ಐದು ಪದಗಳನ್ನು ಒಂದು ಚಿತ್ರದಂತೆ ಮನಸ್ಸಿನಲ್ಲಿ ಕಲ್ಪಿಸಿಕೊಂಡು ನೆನಪಿಡುವುದು, ಎಂಟು ಅರ್ಥಹೀನ ಗುರುತುಗಳನ್ನು ನೆನಪಿಡುವುದಕ್ಕಿಂತ ಸುಲಭ. ಆದರೆ ಪದಗಳನ್ನು ಆರಿಸತಕ್ಕದ್ದು ದಾಳವೇ ಹೊರತು ನಮ್ಮ ಇಚ್ಛೆಯಲ್ಲ. ಗಾದೆಯ ಮಾತೋ ಸಿನಿಮಾ ಹಾಡಿನ ಸಾಲೋ ಆದರೆ ಅದು ಕಳ್ಳನಿಗೂ ಬಾಯಿಪಾಠವಾಗಿರುತ್ತದೆ.

ನೆನಪಿನ ನಿಯಮ

ಅರ್ಥಹೀನವಾದುದು ಬೇಗ ಮರೆಯುವುದೇಕೆ? ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲಿಯೇ ಮರೆವು ಅತಿ ತೀವ್ರವಾಗಿರುತ್ತದೆಂದು ಅವರ ಪ್ರಯೋಗಗಳು ತೋರಿಸಿದುವು. ಇಂದಿನ ಕಚೇರಿಯ ಗುಪ್ತಪದ ಅಂಥ ಅಕ್ಷರಗುಚ್ಛವಲ್ಲದೆ ಮತ್ತೇನು? 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಅವರು, ಮನುಷ್ಯನು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲ ಘಟಕಗಳು ಏಳರ ಆಸುಪಾಸಿನಲ್ಲಿರುವುವೆಂದು ತಮ್ಮ ಪ್ರಸಿದ್ಧ ಲೇಖನದಲ್ಲಿ ವಾದಿಸಿದರು. ಘಟಕವು ಒಂದು ಅಕ್ಷರವೂ ಆಗಬಹುದು, ಒಂದು ಇಡೀ ಪದವೂ ಆಗಬಹುದು. ಐದು ಪದಗಳ ಸಾಲು ಐದೇ ಘಟಕ. ಎಂಟು ಅರ್ಥಹೀನ ಗುರುತುಗಳು ಎಂಟು ಘಟಕ.

ಇನ್ನೊಂದು ಕಾರಣವೂ ಉಂಟು. ಒಂದೇ ಪ್ರಶ್ನೆಗೆ ಹಳೆಯ ಉತ್ತರವೊಂದು ಬಲವಾಗಿ ಬೇರೂರಿದ್ದರೆ ಅದು ಹೊಸ ಉತ್ತರದ ಸ್ಮರಣೆಗೆ ಅಡ್ಡಬರುತ್ತದೆ. ಬದಲಾಯಿಸಿದ ಮಾರನೆಯ ದಿನ ಬೆರಳು ಹಳೆಯ ಗುಪ್ತಪದವನ್ನೇ ಒತ್ತುವುದಕ್ಕೆ ಇದೇ ಕಾರಣ. ಅದು ಅಲಕ್ಷ್ಯದ ಫಲವಲ್ಲ. ಹೀಗೆ ನೆನಪಿಡಬೇಕಾದುವು ಒಂದೆರಡಾದರೂ ಆಗಿದ್ದರೆ ಚಿಂತೆಯಿರಲಿಲ್ಲ. ಫ್ಲೊರೆನ್ಸಿಯೊ ಮತ್ತು ಹರ್ಲಿ ಎಂಬ ಇಬ್ಬರು ಸಂಶೋಧಕರು ಸುಮಾರು ಐದು ಲಕ್ಷ ಜನರ ಬಳಕೆಯನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಪ್ರಕಾರ, ಆಗಲೇ ಒಬ್ಬೊಬ್ಬರಿಗೆ ಸರಾಸರಿ 25 ಖಾತೆಗಳಿದ್ದುವು. ಆದರೆ ಗುಪ್ತಪದಗಳು ಸರಾಸರಿ ಆರೂವರೆ ಮಾತ್ರ. ಒಂದೇ ಕೀಲಿಯನ್ನು ನಾಲ್ಕು ಬೀಗಗಳಿಗೆ ಹಾಕಿದಂತಾಯಿತು. ಒಂದು ಕಡೆ ಕದ್ದವನಿಗೆ ಉಳಿದ ಮೂರು ಬಾಗಿಲೂ ತೆರೆದಂತೆಯೇ. ಜನರು ಹೀಗೆ ಮಾಡುವುದು ಸೋಮಾರಿತನದಿಂದಲ್ಲ, ಬೇರೆ ದಾರಿಯಿಲ್ಲದುದರಿಂದ.

ತೊಂಬತ್ತು ದಿನಗಳ ಶಾಸನ

ಎಲ್ಲ ನಿಯಮಗಳಲ್ಲಿಯೂ ಹೆಚ್ಚು ಬಾಧಕವಾದುದು, ಇಂತಿಷ್ಟು ದಿನಗಳಿಗೊಮ್ಮೆ ಗುಪ್ತಪದವನ್ನು ಬದಲಾಯಿಸಲೇಬೇಕೆಂಬುದು. ಇದರ ಹಿಂದೆಯೂ ಒಂದು ಕಾಲಕ್ಕೆ ಲೆಕ್ಕವಿತ್ತು. ಊಹಿಸುವವನಿಗೆ ಬೇಕಾಗುವ ಕಾಲಕ್ಕಿಂತ ಮೊದಲೇ ಗುಪ್ತಪದ ಬದಲಾದರೆ ಅವನ ಶ್ರಮವೆಲ್ಲ ವ್ಯರ್ಥವಾಗುವುದೆಂಬ ತರ್ಕವನ್ನು ಅಮೆರಿಕದ ರಕ್ಷಣಾ ಇಲಾಖೆ 1985ರ ತನ್ನ ಮಾರ್ಗದರ್ಶಿಯಲ್ಲಿ ಸೂತ್ರರೂಪವಾಗಿ ಕೊಟ್ಟಿತ್ತು. ಆದರೆ ಆ ಸೂತ್ರವು ಪ್ರತಿಯೊಂದು ಹೊಸ ಗುಪ್ತಪದವೂ ಹಳೆಯದಕ್ಕೆ ಸಂಬಂಧವಿಲ್ಲದ್ದೆಂದು ಭಾವಿಸುತ್ತದೆ. ಮನುಷ್ಯನಾದರೋ ಕೊನೆಯ 1ನ್ನು 2 ಮಾಡುತ್ತಾನೆ. ಮುಂದಿನ ಸಲ 3 ಮಾಡುತ್ತಾನೆ. ಇಲ್ಲವೇ ತಿಂಗಳ ಹೆಸರನ್ನು ಬದಲಾಯಿಸುತ್ತಾನೆ.

ಇದು ಕೇವಲ ಊಹೆಯಲ್ಲ. ಅಮೆರಿಕದ ನಾರ್ತ್ ಕೆರೊಲಿನ ವಿಶ್ವವಿದ್ಯಾನಿಲಯದಲ್ಲಿ ಮೂರು ತಿಂಗಳಿಗೊಮ್ಮೆ ಗುಪ್ತಪದ ಬದಲಾಯಿಸುವ ನಿಯಮವಿತ್ತು. ಅಲ್ಲಿಯ ಸಂಶೋಧಕರು ಬಳಕೆಯಿಲ್ಲದ 7,700ಕ್ಕೂ ಹೆಚ್ಚು ಖಾತೆಗಳ ಹಳೆಯ ಗುಪ್ತಪದಗಳನ್ನು ಪರಿಶೀಲಿಸಿ 2010ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಹಳೆಯ ಗುಪ್ತಪದ ತಿಳಿದಿದ್ದರೆ, ನೂರಕ್ಕೆ 17 ಖಾತೆಗಳಲ್ಲಿ ಹೊಸದನ್ನು ಐದಕ್ಕಿಂತ ಕಡಮೆ ಊಹೆಗಳಲ್ಲಿಯೇ ಪತ್ತೆಹಚ್ಚಲು ಸಾಧ್ಯವಾಯಿತು. ಕಳುವಾದ ಹಿಟ್ಟಿನ ಕಡತ ಕೈಯಲ್ಲಿದ್ದರೆ ನೂರಕ್ಕೆ 41ರಷ್ಟನ್ನು ಒಂದೊಂದಕ್ಕೆ ಮೂರು ಸೆಕೆಂಡಿನೊಳಗೆ ಒಡೆಯಬಹುದಾಗಿತ್ತು. ಯಾವ ಕಳ್ಳನನ್ನು ಹೊರಗಿಡಲು ಬದಲಾವಣೆಯೋ ಆ ಕಳ್ಳನಿಗೆ ಅದರಿಂದ ಅಡ್ಡಿಯಾದುದು ಅತ್ಯಲ್ಪ.

ಬಗೆಬಗೆಯ ಗುರುತುಗಳನ್ನು ಬೆರೆಸಬೇಕು, ಆಗಾಗ ಬದಲಾಯಿಸಬೇಕು ಎಂಬ ಉಪದೇಶ ಲೋಕಪ್ರಸಿದ್ಧವಾದುದು ಬಹುಮಟ್ಟಿಗೆ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಬಿಲ್ ಬರ್ ಅವರು 2003ರ ಸುಮಾರಿಗೆ ಬರೆದ ಮಾರ್ಗದರ್ಶಿಯಿಂದ. ನಿವೃತ್ತರಾದ ಮೇಲೆ, 2017ರಲ್ಲಿ, ತಾವು ಅಂದು ಹೇಳಿದುದರಲ್ಲಿ ಬಹುಭಾಗಕ್ಕಾಗಿ ವಿಷಾದಪಡುವುದಾಗಿ ಅವರು ಪತ್ರಿಕೆಯೊಂದಕ್ಕೆ ತಿಳಿಸಿದರು. ಅದೇ ವರ್ಷ ಆ ಸಂಸ್ಥೆಯೇ ತನ್ನ ಮಾರ್ಗದರ್ಶಿಯನ್ನು ತಿದ್ದಿ, ಕಾರಣವಿಲ್ಲದೆ ಬದಲಾವಣೆಯನ್ನು ಬಲವಂತ ಮಾಡಬಾರದು, ಗುರುತುಗಳ ಬೆರಕೆಯನ್ನು ಕಡ್ಡಾಯ ಮಾಡಬಾರದು, ಉದ್ದವಾದ ಗುಪ್ತಪದಗಳಿಗೆ ಎಡೆಕೊಡಬೇಕು ಎಂದು ಸಲಹೆಮಾಡಿತು. 2025ರ ಆವೃತ್ತಿಯಲ್ಲಿ ಈ ಸಲಹೆ ನಿಷೇಧದ ರೂಪವನ್ನೇ ತಾಳಿದೆ. ಮೈಕ್ರೊಸಾಫ್ಟ್ ಕಂಪೆನಿಯೂ 2019ರಲ್ಲಿ ವಿಂಡೋಸ್ ವ್ಯವಸ್ಥೆಯ ತನ್ನ ಭದ್ರತಾ ಶಿಫಾರಸುಗಳಿಂದ ಅವಧಿಯ ನಿಯಮವನ್ನು ತೆಗೆದುಹಾಕಿತು. ವಿಜ್ಞಾನದ ಶೋಭೆಯಿರುವುದು ಇಲ್ಲಿಯೇ: ಸಾಕ್ಷ್ಯ ದೊರೆತಾಗ ಅದು ತನ್ನ ಮಾತನ್ನು ತಿದ್ದಿಕೊಳ್ಳುತ್ತದೆ. ಕಚೇರಿಯ ಸುತ್ತೋಲೆಗಳು ಮಾತ್ರ ಅಷ್ಟು ಸುಲಭವಾಗಿ ತಿದ್ದಿಕೊಳ್ಳುವುದಿಲ್ಲ.

ಹಾನಿ ಯಾರಿಗೆ?

ಸುತ್ತೋಲೆ ಹಳೆಯದಾಗಿ ಉಳಿದರೆ ನಷ್ಟವೇನೆಂದು ಕೇಳಬಹುದು. ಕೆಲವು ನಿಮಿಷಗಳು ಹಾಳಾಗುವುದು ಅದರಲ್ಲಿ ಅತಿ ಸಣ್ಣ ನಷ್ಟ. ನೆನಪಿಡಲಾಗದ ಗುಪ್ತಪದವು ಚೀಟಿಯಾಗಿ ಕೀಲಿಮಣೆಯ ಅಡಿ ಸೇರುತ್ತದೆ. ಸಹೋದ್ಯೋಗಿಯ ಡೈರಿ ಸೇರುತ್ತದೆ. ಬಾಗಿಲು ಮುಚ್ಚಿಹೋದವರು ಪಕ್ಕದವರ ಗುಪ್ತಪದದಿಂದ ಅಂದಿನ ಕೆಲಸ ಮುಗಿಸುತ್ತಾರೆ. ಸಾಹೇಬರು ಪ್ರವಾಸದಲ್ಲಿದ್ದರೆ ಅವರ ಗುಪ್ತಪದ ನಾಲ್ಕು ಜನಕ್ಕೆ ತಿಳಿದಿರುತ್ತದೆ. ಇಲ್ಲವಾದರೆ ಕಡತ ಮುಂದಕ್ಕೆ ಸಾಗದು. ಮುಂದೊಂದು ದಿನ ಹಣ ತಪ್ಪು ಖಾತೆಗೆ ಹೋದರೆ, ದಾಖಲೆಯೊಂದು ತಿದ್ದಿಹೋದರೆ, ಯಂತ್ರದ ದಿನಚರಿಯನ್ನು ತೆರೆದು ನೋಡುತ್ತಾರೆ. ಅಲ್ಲಿ ದಾಖಲಾಗಿರುವುದು ಕೆಲಸಮಾಡಿದ ಕೈಯಲ್ಲ, ಗುಪ್ತಪದದ ಒಡೆಯರ ಹೆಸರು. ನಿರಪರಾಧಿಗಳು ಉತ್ತರ ಹೇಳಬೇಕಾಗುವುದೂ ಅಪರಾಧಿಗಳು ನುಣುಚಿಕೊಳ್ಳುವುದೂ ಆಗ ಸಮಾನವಾಗಿ ಸಾಧ್ಯ. ಗುಪ್ತಪದವೆಂಬುದು ಕಚೇರಿಯಲ್ಲಿ ಒಬ್ಬೊಬ್ಬರ ಸಹಿ. ಸಹಿಯನ್ನು ಹಂಚಿಕೊಳ್ಳುವಂತೆ ಜನರನ್ನು ಒತ್ತಾಯಿಸುವ ನಿಯಮವು ಹೊಣೆಗಾರಿಕೆಯ ಬುಡಕ್ಕೇ ಕೊಡಲಿಪೆಟ್ಟು.

ಎರಡು ಆಕ್ಷೇಪಗಳು

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಗುಪ್ತಪದ ಯಾರಿಗೂ ತಿಳಿಯದಂತೆ ಕಳುವಾಗಿದ್ದರೆ, ನಿಯತಕಾಲದ ಬದಲಾವಣೆಯಿಂದ ಕಳ್ಳನ ಕಾರ್ಯಾವಧಿಯಾದರೂ ಮೊಟಕಾಗುವುದಿಲ್ಲವೆ ಎಂಬುದು ಮೊದಲನೆಯದು. ಇದರಲ್ಲಿ ತುಸು ಸತ್ಯವಿದೆ. ಆದರೆ ಕದ್ದವನು ತೊಂಬತ್ತು ದಿನ ಸುಮ್ಮನೆ ಕುಳಿತಿರುವುದು ಅಪರೂಪ. ಬಂದ ಮೊದಲ ದಿನವೇ ಬೇಕಾದುದನ್ನು ಒಯ್ಯುತ್ತಾನೆ, ಹಿತ್ತಿಲ ಬಾಗಿಲನ್ನೂ ಮಾಡಿಕೊಂಡು ಹೋಗುತ್ತಾನೆ. ಕಳವಿನ ಸಂಶಯ ಬಂದೊಡನೆ ಬದಲಾಯಿಸಬೇಕೆಂಬುದು ನಿರ್ವಿವಾದ. ಸಂಶಯವಿಲ್ಲದಿದ್ದರೂ ಪಂಚಾಂಗ ನೋಡಿ ಬದಲಾಯಿಸುವುದು ಬೇರೆ ಮಾತು.

ಗುಪ್ತಪದವನ್ನೇ ಬಿಟ್ಟು ಬೆರಳಚ್ಚನ್ನೋ ಮೊಬೈಲನ್ನೋ ಬಳಸಬಾರದೆ ಎಂಬುದು ಎರಡನೆಯದು. ಒಬ್ಬನನ್ನು ಗುರುತಿಸಲು ಮೂರು ಮಾರ್ಗಗಳುಂಟು: ಅವನು ಬಲ್ಲ ಗುಟ್ಟು, ಅವನ ಬಳಿಯಿರುವ ವಸ್ತು, ಅವನ ದೇಹದ ಲಕ್ಷಣ. ಎರಡನೆಯ ಮಾರ್ಗದ ಗುಣದೋಷಗಳು ನಮ್ಮ ಪುರಾತನರಿಗೆ ಚೆನ್ನಾಗಿ ತಿಳಿದಿದ್ದುವು. ಹನುಮಂತನು ರಾಮನ ಮುದ್ರೆಯುಂಗುರವನ್ನು ತೋರಿಸಿದ ಮೇಲೆ ಸೀತೆಗೆ ನಂಬಿಕೆ ಬಂದಿತು. ಕಾಳಿದಾಸನ ಶಕುಂತಲೆ ಉಂಗುರವನ್ನು ಕಳೆದುಕೊಂಡುದರಿಂದ ದುಷ್ಯಂತನ ಸಭೆಯಲ್ಲಿ ಅಪರಿಚಿತೆಯಾದಳು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ರಾಕ್ಷಸನ ಉಂಗುರ ಚಾಣಕ್ಯನ ಕೈಗೆ ಸಿಕ್ಕಿ, ಸುಳ್ಳು ಪತ್ರಕ್ಕೆ ನಿಜವಾದ ಮುದ್ರೆ ಬಿದ್ದಿತು. ಮೊಬೈಲಿಗೆ ಬರುವ ಒಟಿಪಿಯ ಕಥೆಯೂ ಹೀಗೆಯೇ: ಸಂಕೇತ ಸಿಕ್ಕದ ಊರಿನಲ್ಲಿ ಅದು ಕಳೆದುಹೋದ ಉಂಗುರ, ಮೋಸಗಾರನಿಗೆ ಫೋನಿನಲ್ಲಿ ಹೇಳಿಬಿಟ್ಟರೆ ಅನ್ಯರ ಕೈಗೆ ಸಿಕ್ಕಿದ ಉಂಗುರ. ಬೆರಳ ರೇಖೆ ದುಡಿಮೆಯಿಂದಲೂ ವಯಸ್ಸಿನಿಂದಲೂ ಸವೆಯುತ್ತದೆ. ಒಮ್ಮೆ ಅದರ ಪ್ರತಿ ಕಳುವಾದರೆ ಹೊಸ ಬೆರಳು ತರಲಾಗದು. ಆದಕಾರಣ ಮಹತ್ತ್ವದ ಕೆಲಸಗಳಿಗೆ ಎರಡು ಮಾರ್ಗಗಳನ್ನು ಕೂಡಿಸುವುದು ವಿವೇಕ. ಭಾರತೀಯ ರಿಸರ್ವ್ ಬ್ಯಾಂಕು 2009ರಲ್ಲಿ ಇಂಟರ್‌ನೆಟ್ಟಿನ ಮೂಲಕ ಮಾಡುವ ಕಾರ್ಡು ಪಾವತಿಗಳಿಗೆ ಹೆಚ್ಚಿನ ದೃಢೀಕರಣವನ್ನು ಕಡ್ಡಾಯ ಮಾಡಿದುದು ಈ ದೃಷ್ಟಿಯಿಂದಲೇ. ಈಚೆಗೆ ಬಂದಿರುವ ಪಾಸ್‌ಕೀ ಪದ್ಧತಿಯಲ್ಲಿ ಗುಟ್ಟು ಬಳಕೆದಾರರ ಸಾಧನದಲ್ಲಿಯೇ ಇದ್ದು, ಹೊರಗೆ ಹೋಗುವುದು ಗಣಿತದ ಸಾಕ್ಷ್ಯ ಮಾತ್ರ. ಕದಿಯಲು ಗುಪ್ತಪದವೇ ಇಲ್ಲ. ಅದು ಎಲ್ಲೆಡೆ ಹರಡುವವರೆಗೆ ಗುಪ್ತಪದದೊಡನೆ ನಮ್ಮ ಬಾಳುವೆ ತಪ್ಪಿದ್ದಲ್ಲ.

ಮಾಡತಕ್ಕದ್ದೇನು?

ನಮ್ಮ ಕಚೇರಿಗಳೂ ಕಾಲೇಜುಗಳೂ ಹೆಚ್ಚಿನ ವೆಚ್ಚವಿಲ್ಲದೆ ಕೂಡಲೇ ಮಾಡಬಹುದಾದ ಕೆಲಸಗಳು ಕೆಲವಿವೆ. ಪಂಚಾಂಗದ ಬದಲಾವಣೆಯನ್ನು ಕೈಬಿಡಬೇಕು. ಚಿಹ್ನೆಗಳ ಕಡ್ಡಾಯವನ್ನು ತೆಗೆದು ಉದ್ದವನ್ನು ಪ್ರೋತ್ಸಾಹಿಸಬೇಕು. ಈಗಾಗಲೇ ಕಳುವಾಗಿ ಬಯಲಾದ ಗುಪ್ತಪದಗಳ ಪಟ್ಟಿಯನ್ನಿಟ್ಟುಕೊಂಡು ಅಂಥವನ್ನು ಮಾತ್ರ ತಿರಸ್ಕರಿಸಬೇಕು. ಹತ್ತು ಬಾಗಿಲುಗಳಿಗೆ ಒಂದೇ ಲಾಗಿನ್ ಸಾಕಾಗುವಂತೆ ವ್ಯವಸ್ಥೆಗಳನ್ನು ಕೂಡಿಸಬೇಕು. ಗುಪ್ತಪದಗಳನ್ನು ಬೀಗಹಾಕಿ ಕಾಯುವ ಸಾಫ್ಟ್‌ವೇರುಗಳನ್ನು ಬಳಸಲು ಅನುಮತಿಯಿರಬೇಕು. ರಜೆಯ ಮೇಲಿರುವವರ ಅಧಿಕಾರವನ್ನು ಇನ್ನೊಬ್ಬರಿಗೆ ಅವರ ಸ್ವಂತ ಹೆಸರಿನಲ್ಲಿಯೇ ತಾತ್ಕಾಲಿಕವಾಗಿ ವಹಿಸುವ ಏರ್ಪಾಡು ಯಂತ್ರದಲ್ಲಿಯೇ ಇರಬೇಕು. ಆಗ ಸಾಹೇಬರ ಗುಪ್ತಪದ ಯಾರಿಗೂ ಬೇಕಾಗದು. ಬ್ಯಾಂಕಿನ ಎಟಿಎಂನಲ್ಲಿ ನಾಲ್ಕೇ ಅಂಕಿಗಳ ಗುಟ್ಟು ಸಾಕಾಗುವುದು, 10,000 ಸಾಧ್ಯತೆಗಳಲ್ಲಿ ಊಹೆಗೆ ಎರಡು ಮೂರು ಅವಕಾಶ ಮಾತ್ರ ಇರುವುದರಿಂದಲೂ ಕಾರ್ಡೂ ಜೊತೆಗಿರಬೇಕಾದುದರಿಂದಲೂ. ಊಹೆಯನ್ನು ತಡೆಯುವ ಹೊರೆಯನ್ನು ಯಂತ್ರವು ಹೊತ್ತರೆ ಮನುಷ್ಯನ ಹೊರೆ ಇಳಿಯುತ್ತದೆ.

ಕನ್ನಡಿಗರಿಗೆ ಇನ್ನೂ ಒಂದು ಮಾತುಂಟು. ನೆನಪು ಬಲವಾಗಿರುವುದು ತಾಯ್ನುಡಿಯಲ್ಲಿ. ಗುಪ್ತಪದ ಒತ್ತಬೇಕಾದುದು ಮಾತ್ರ ಸಾಮಾನ್ಯವಾಗಿ ಇಂಗ್ಲಿಷ್ ಲಿಪಿಯಲ್ಲಿ. ಕನ್ನಡ ಲಿಪಿಯ ಗುಪ್ತಪದಗಳನ್ನು ಸ್ವೀಕರಿಸುವುದು ಅಸಾಧ್ಯವಲ್ಲ, ಆದರೆ ಎಚ್ಚರ ಬೇಕು. ‘ಕೊ’ ಎಂಬಲ್ಲಿಯ ಒಕಾರದ ಚಿಹ್ನೆಯನ್ನು ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತಾಂಕವಾಗಿಯೂ ಬರೆಯಬಹುದು, ಎಕಾರ ಊಕಾರಗಳ ಚಿಹ್ನೆಗಳೆಂಬ ಎರಡು ಸಂಕೇತಾಂಕಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೀಸುಕಲ್ಲಿಗೆ ಬೇರೆ ಬೇರೆ ಕಾಳು. ಬೀಸುವ ಮುನ್ನ ಎರಡನ್ನೂ ಏಕರೂಪಕ್ಕೆ ತರುವ ಹೆಜ್ಜೆಯೊಂದು ಅವಶ್ಯ. ಅಮೆರಿಕದ ಮಾರ್ಗದರ್ಶಿ ಎಲ್ಲ ಲಿಪಿಗಳನ್ನೂ ಸ್ವೀಕರಿಸಬೇಕೆಂದು ಸಲಹೆಮಾಡಿ, ಈ ಹೆಜ್ಜೆಯನ್ನೂ ಸೂಚಿಸಿದೆ. ನಮ್ಮ ನಾಡಿನಲ್ಲಿ ರಚಿತವಾಗುವ ವ್ಯವಸ್ಥೆಗಳು ಇದನ್ನೇಕೆ ಮಾಡಬಾರದು?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಈಗ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರೇ. ನಾಳಿನ ಕಂಪ್ಯೂಟರ್ ವ್ಯವಸ್ಥೆಗಳನ್ನು ಕಟ್ಟತಕ್ಕವರು ಅವರು. ಗುಪ್ತಲಿಪಿಶಾಸ್ತ್ರದ ಆಚಾರ್ಯರಲ್ಲಿ ಒಬ್ಬರಾದ ಆಗುಸ್ಟ್ ಕೆರ್ಕ್‌ಹಾಫ್ಸ್ ಅವರು 1883ರಲ್ಲಿಯೇ ಉತ್ತಮ ಗುಪ್ತವ್ಯವಸ್ಥೆಗೆ ಆರು ಲಕ್ಷಣಗಳನ್ನು ಹೇಳಿದರು. ವ್ಯವಸ್ಥೆಯ ರಚನೆ ಶತ್ರುವಿಗೆ ತಿಳಿದರೂ ಹಾನಿಯಾಗಕೂಡದೆಂಬ ಲಕ್ಷಣವನ್ನು ಎಲ್ಲ ಪಠ್ಯಪುಸ್ತಕಗಳೂ ಕಲಿಸುತ್ತವೆ. ಕೊನೆಯದಾದ ಆರನೆಯದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ: ವ್ಯವಸ್ಥೆಯು ಬಳಸಲು ಸುಲಭವಾಗಿರಬೇಕು, ಮನಸ್ಸಿಗೆ ಆಯಾಸವನ್ನಾಗಲಿ ನಿಯಮಗಳ ಉದ್ದವಾದ ಪಟ್ಟಿಯನ್ನಾಗಲಿ ಬೇಡಬಾರದು ಎಂಬುದು ಅದರ ತಾತ್ಪರ್ಯ. ಸೇತುವೆ ಕಟ್ಟುವ ಇಂಜಿನಿಯರು ಉಕ್ಕು ಎಷ್ಟು ಭಾರಕ್ಕೆ ಬಾಗುತ್ತದೆಂದು ಮೊದಲು ಅಳೆಯುತ್ತಾನೆ. ಸೇತುವೆ ಬಿದ್ದರೆ ಉಕ್ಕಿಗೆ ಶಿಸ್ತಿಲ್ಲವೆಂದು ದೂರುವುದಿಲ್ಲ. ಮನುಷ್ಯನ ನೆನಪೂ ಅಳೆಯಬಹುದಾದ ವಸ್ತು. ಎಬಿಂಗ್‌ಹೌಸರು ಅದನ್ನು ಅಳೆದು ಒಂದು ಶತಮಾನವೇ ಕಳೆದಿದೆ. ಆ ಅಳತೆಯನ್ನು ಮುಂದಿಟ್ಟುಕೊಂಡು ನಿಯಮಗಳನ್ನು ರಚಿಸುವವರೆಗೆ, ಕಿಟಕಿಯ ಮುಂದಿನ ಸಾಲು ಕರಗುವಂತಿಲ್ಲ, ಕೀಲಿಮಣೆಯ ಅಡಿಯ ಚೀಟಿ ಕಾಣೆಯಾಗುವಂತಿಲ್ಲ.